ಬಾವಲಿಯನ್ನು ಮುಟ್ಟದೆ ಬಾವಲಿ ಅಧ್ಯಯನ: ದುರ್ಗ, ದಾವಣಗೆರೆಯ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಪ್ರಾಜೆಕ್ಟ್ ಸಮಯ ಬಂತೆಂದರೆ ಪ್ರಾಣಿಶಾಸ್ತ್ರದ ಹುಡುಗರು ಒಂದು ಹಾಳೆ ಹಿಡಿದು ಬರುತ್ತಾರೆ. ಮೇಲೆ ದಪ್ಪ ಅಕ್ಷರದಲ್ಲಿ ತಲೆಬರಹ ಇರುತ್ತದೆ: 'ದಾವಣಗೆರೆ ಜಿಲ್ಲೆಯ ಬಾವಲಿಗಳ ಜೀವವೈವಿಧ್ಯ'. ನಾನು ಕೇಳುವುದು ಒಂದೇ ಮಾತು: ಯಾವ ಮರ? ಉತ್ತರ ಬರುವುದಿಲ್ಲ. ತಲೆಬರಹ ಆಗಲೇ ಹುಟ್ಟಿದೆ, ಮರ ಇನ್ನೂ ಸಿಕ್ಕಿಲ್ಲ.

ಜಿಲ್ಲೆ ಪೂರ್ತಿ ಸುತ್ತಲು ನಿಮಗೆ ಗಾಡಿ ಇಲ್ಲ, ಬಲೆ ಹಾಕಲು ಅನುಮತಿ ಇಲ್ಲ, ಸಮಯ ನಾಲ್ಕೈದು ತಿಂಗಳು. ಅಷ್ಟರಲ್ಲಿ ಆಗುವ ಒಳ್ಳೆಯ ಕೆಲಸವೂ ಇದೆ. ಒಂದು ಮರವನ್ನೋ ಒಂದು ಮಂಟಪವನ್ನೋ ಹಿಡಿದುಕೊಳ್ಳಿ. ಅದರ ಬಗ್ಗೆ ಒಂದು ಸಣ್ಣ ಪ್ರಶ್ನೆ ಇಟ್ಟುಕೊಳ್ಳಿ. ಗೊತ್ತುಮಾಡಿದ ದಿನ, ಗೊತ್ತುಮಾಡಿದ ಹೊತ್ತಿಗೆ ಮತ್ತೆ ಮತ್ತೆ ಅಲ್ಲಿಗೆ ಹೋಗಿ. ಬಾವಲಿಯನ್ನು ಹಿಡಿಯುವುದೂ ಬೇಡ, ಮುಟ್ಟುವುದೂ ಬೇಡ. ಇದನ್ನು ಹೇಗೆ ಮಾಡಬೇಕು ಎಂದು ಮೊದಲಿನಿಂದ ಕೊನೆವರೆಗೆ ಬರೆಯುತ್ತಿದ್ದೇನೆ.

ಮೊದಲು ಜಾಗ ಹುಡುಕಿ

ಇದಕ್ಕೆ ಎರಡು ವಾರ ಕೊಡಿ. ಹಗಲಲ್ಲೇ ಓಡಾಡಿ. ತೋಟದವರು, ಕುರಿ ಕಾಯುವವರು, ಗುಡಿಯ ಪೂಜಾರಿ, ಶಾಲೆಯ ವಾಚ್‌ಮನ್ ಎಲ್ಲರನ್ನೂ ಮಾತಾಡಿಸಿ. ಕೇಳುವ ರೀತಿ ಮುಖ್ಯ. "ಇಲ್ಲಿ ಬಾವಲಿ ಇವೆಯಾ?" ಅಂದರೆ "ಎಲ್ಲಾ ಕಡೆ ಇದಾವೆ ಬಿಡಿ" ಅನ್ನುತ್ತಾರೆ. "ಹಗಲು ಹೊತ್ತು ಎಲ್ಲಿ ಜೋತು ಬಿದ್ದಿರ್ತಾವೆ?" ಎಂದು ಕೇಳಿ. ಆಗ ಊರಾಚೆಯ ಆಲದ ಮರವನ್ನೋ, ಹಾಳು ಬಿದ್ದ ಕಟ್ಟಡವನ್ನೋ ಕೈ ಮಾಡಿ ತೋರಿಸುತ್ತಾರೆ. ಹಳಬರು ಸಣ್ಣ ಬಾವಲಿಗೆ ಕಣ್ಕಪ್ಪಡಿ ಅನ್ನುವುದುಂಟು, ತೊಗಲು ಬಾವಲಿ ಅನ್ನುವುದೂ ಉಂಟು. ಅವರು ಹೇಳಿದ ಹೆಸರಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ.

ನಮ್ಮ ಎರಡೂ ಜಿಲ್ಲೆಗಳಲ್ಲಿ ಹುಡುಕಲು ಜಾಗಕ್ಕೆ ಬರವಿಲ್ಲ. ಚಿತ್ರದುರ್ಗ ಅಂದರೆ ಬಂಡೆಗಳ ನಾಡು. ಬಂಡೆಯ ಸೀಳು, ಏಳು ಸುತ್ತಿನ ಕೋಟೆಯ ಕತ್ತಲ ಮೂಲೆ, ಚಂದ್ರವಳ್ಳಿಯ ನೆಲದೊಳಗಿನ ಕೋಣೆ, ಇವೆಲ್ಲ ಗುಹೆಯ ಬಾವಲಿಗೆ ಒಗ್ಗುವ ಜಾಗಗಳು. ದಾವಣಗೆರೆ ಕಡೆ ಭದ್ರಾ ನಾಲೆಯ ನೀರು, ಅಡಿಕೆ ತೋಟ, ಕೆರೆ ಏರಿ. ಹರಿಹರ, ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಯ ದೊಡ್ಡ ಮರಗಳನ್ನು ತಲೆ ಎತ್ತಿ ನೋಡುತ್ತಾ ಹೋಗಿ. ಸೂಳೆಕೆರೆ, ಕೊಂಡಜ್ಜಿ ಕೆರೆಯಂಥ ಕಡೆ ಸಂಜೆ ನೀರಿನ ಮೇಲೆ ಹುಳ ಹಿಡಿಯುವ ಸಣ್ಣ ಬಾವಲಿಗಳನ್ನು ಕಾಯಬಹುದು.

ಇಷ್ಟು ದೂರ ಹೋಗುವ ಮೊದಲು ನಿಮ್ಮ ಕಾಲೇಜಿನ ಕಾಂಪೌಂಡು ಒಮ್ಮೆ ಸುತ್ತಿ. ಸಾಲಾಗಿ ನೆಟ್ಟ ಉದ್ದ ಎಲೆಯ ಅಶೋಕ ಮರಗಳು ಇವೆಯಾ? ಗಸಗಸೆ ಹಣ್ಣಿನ ಮರ ಇದೆಯಾ? ಇದ್ದರೆ ನಿಮ್ಮ ಪ್ರಾಜೆಕ್ಟ್ ಅಲ್ಲೇ ಇರುವ ಸಾಧ್ಯತೆ ಜಾಸ್ತಿ.

ಗುರುತುಗಳು ಹೀಗಿರುತ್ತವೆ. ಮರದ ಕೆಳಗೆ ಚೀಪಿ ಉಗುಳಿದ ನಾರಿನ ಉಂಡೆ, ಅತ್ತಿ ಬೀಜ ತುಂಬಿದ ಹಿಕ್ಕೆ. ಅಡಿಕೆ ತೋಟದಲ್ಲಿ ಸಿಪ್ಪೆ ಕೆರೆದು ಚೀಪಿ ಬಿಟ್ಟ ಹಣ್ಣಡಿಕೆ. ಕಟ್ಟಡದ ಒಳಗಾದರೆ ಗೋಡೆಯ ಮೇಲೆ ಇಳಿದ ಕಪ್ಪು ಕಲೆ, ಕಾಳು ಕಾಳಾದ ಒಣ ಹಿಕ್ಕೆ, ಘಾಟು ವಾಸನೆ.

ಅಲ್ಲಿರುವುದು ಯಾರು?

ಭಾರತದಲ್ಲಿ ಸುಮಾರು 130 ಬಗೆಯ ಬಾವಲಿಗಳಿವೆ. ಕೈಯಲ್ಲಿ ಹಿಡಿದು ಅಳೆಯದೆ ಎಲ್ಲದರ ಹೆಸರು ಹೇಳಲು ಆಗುವುದಿಲ್ಲ, ಹೇಳಲೂ ಬಾರದು. ಆದರೆ ನಮ್ಮ ಒಣ ಸೀಮೆಯಲ್ಲಿ ಕಾಣಬಹುದಾದ ಕೆಲವನ್ನು ಅವು ಕೂರುವ ರೀತಿಯಿಂದಲೇ ಬೇರೆ ಮಾಡಬಹುದು.

ಹಗಲಲ್ಲೇ ಬಯಲಿನ ದೊಡ್ಡ ಮರದಲ್ಲಿ ನೂರಾರು ಜೋತು ಬಿದ್ದು, ಕಚ್ಚಾಡಿಕೊಂಡು ಗಲಾಟೆ ಮಾಡುತ್ತಿದ್ದರೆ ಅದು ದೊಡ್ಡ ಹಣ್ಣು ಬಾವಲಿ, ಟೆರೋಪಸ್ ಮೀಡಿಯಸ್. ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗಿಂತ ಅಗಲ. ಹಳೆಯ ಪುಸ್ತಕಗಳಲ್ಲಿ ಇದೇ ಪ್ರಾಣಿ ಟೆರೋಪಸ್ ಜೈಗ್ಯಾಂಟಿಯಸ್ ಎಂಬ ಹೆಸರಿನಲ್ಲಿ ಸಿಗುತ್ತದೆ, ಗೊಂದಲ ಬೇಡ. ಅಶೋಕ ಮರದ ಎಲೆಗಳ ಒಳಗೆ ಹತ್ತರ ಒಳಗಿನ ಸಣ್ಣ ಗುಂಪು, ಕಿವಿಯ ಅಂಚು ತಿಳಿ ಬಣ್ಣ, ನಾಯಿಮರಿಯಂಥ ಮೋರೆ ಕಂಡರೆ ಅದು ಸೈನಾಪ್ಟೆರಸ್ ಸ್ಫಿಂಕ್ಸ್, ಗಿಡ್ಡ ಮೂತಿಯ ಹಣ್ಣು ಬಾವಲಿ. ಗುಹೆಯೊಳಗೆ ದೊಡ್ಡ ಕಣ್ಣಿನ ಹಣ್ಣು ಬಾವಲಿಗಳು 'ಟಿಕ್ ಟಿಕ್' ಎಂದು ನಾಲಿಗೆ ಹೊಡೆಯುವುದು ಕೇಳಿಸಿದರೆ ಅದು ರೌಸೆಟಸ್.

ಹುಳ ತಿನ್ನುವವರಲ್ಲಿ ಕೂರುವ ಭಂಗಿ ನೋಡಿ. ಗೋಡೆಗೆ ಹೊಟ್ಟೆ ಅಂಟಿಸಿಕೊಂಡು, ನಾವು ಹತ್ತಿರ ಹೋದರೆ ಏಡಿಯಂತೆ ಪಕ್ಕಕ್ಕೆ ಸರಿದು ಬಿರುಕು ಸೇರುವುದು ಗೋರಿ ಬಾವಲಿ, ಟ್ಯಾಫೋಜಸ್. ಇಲಿಯಂಥ ಉದ್ದ ಬಾಲ ಚರ್ಮದಿಂದ ಹೊರಗೆ ನೇತಾಡುತ್ತಿದ್ದರೆ ರೈನೋಪೋಮ. ಒಂದಕ್ಕೊಂದು ತಾಗದಂತೆ ಅಂತರ ಬಿಟ್ಟು ಜೋತು, ಕಿವಿಯನ್ನು ಸದಾ ಅಲ್ಲಾಡಿಸುತ್ತಿದ್ದರೆ ಎಲೆಮೂಗಿನ ಬಾವಲಿ, ಹಿಪ್ಪೊಸಿಡೆರಸ್. ಹಣೆಯ ಮೇಲೆ ಕೂಡಿಕೊಂಡ ದೊಡ್ಡ ಕಿವಿಗಳಿದ್ದು, ಕೆಳಗೆ ಕಪ್ಪೆ ಕಾಲು, ಜೀರುಂಡೆ ರೆಕ್ಕೆ, ಮಿಡತೆ ತಲೆ ಬಿದ್ದಿದ್ದರೆ ಲೈರೋಡರ್ಮ ಲೈರ. ಇದು ರಕ್ತ ಹೀರುವುದಿಲ್ಲ. ಕಪ್ಪೆ, ಹಲ್ಲಿ, ಇಲಿ, ಹುಳ ಹಿಡಿದು ತಿನ್ನುತ್ತದೆ. ರಕ್ತ ಕುಡಿಯುವ ಬಾವಲಿಗಳು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಊರಿನವರು ಕೇಳಿದಾಗ ಇದನ್ನು ಸಮಾಧಾನವಾಗಿ ಹೇಳಿ.

ಜಾತಿ ಖಚಿತವಾಗದಿದ್ದರೆ 'ಹಿಪ್ಪೊಸಿಡೆರಸ್, ಜಾತಿ ಗೊತ್ತಾಗಿಲ್ಲ' ಎಂದೇ ಬರೆಯಿರಿ. ಅದಕ್ಕೆ ಯಾರೂ ಅಂಕ ಕಳೆಯುವುದಿಲ್ಲ. ತಪ್ಪು ಹೆಸರು ಬರೆದರೆ ಪೂರ್ತಿ ಕೆಲಸವೇ ಕೆಡುತ್ತದೆ.

ಅನುಮತಿ ಮತ್ತು ಜೀವದ ಜೋಪಾನ

ಹಣ್ಣು ತಿನ್ನುವ ಬಾವಲಿಗಳನ್ನು 1972ರ ವನ್ಯಜೀವಿ ಕಾಯ್ದೆ ಬಹಳ ಕಾಲ ಇಲಿ, ಕಾಗೆಗಳ ಜೊತೆ ಉಪದ್ರವದ ಪ್ರಾಣಿಗಳ ಪಟ್ಟಿಯಲ್ಲಿ ಇಟ್ಟಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈ ವಿಷಯ ಗೊತ್ತಿಲ್ಲದವರು ಇನ್ನೂ ಬಹಳ ಮಂದಿ ಇದ್ದಾರೆ. ಬಾವಲಿಗೆ ಬಲೆ ಹಾಕುವುದು, ಹಿಡಿಯುವುದು, ಕಾಲಿಗೆ ಉಂಗುರ ಹಾಕುವುದು ಇವಕ್ಕೆಲ್ಲ ಅರಣ್ಯ ಇಲಾಖೆಯ ಲಿಖಿತ ಅನುಮತಿ, ತರಬೇತಿ, ಲಸಿಕೆ ಮೂರೂ ಬೇಕು. ಪದವಿ ಮಟ್ಟದ ಪ್ರಾಜೆಕ್ಟಿಗೆ ಇದರ ಗೋಜಿಗೇ ಹೋಗಬೇಡಿ.

ದೂರದಿಂದ ನೋಡುವುದಕ್ಕೂ ಜಾಗದ ಯಜಮಾನರ ಒಪ್ಪಿಗೆ ಬೇಕು. ತೋಟವಾದರೆ ತೋಟದವರದು. ಜೋಗಿಮಟ್ಟಿ, ರಂಗಯ್ಯನದುರ್ಗದಂಥ ಕಾಡಿಗೆ ಅರಣ್ಯ ಇಲಾಖೆಯದು. ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿದೆ. ಸಂಜೆ ಬಾಗಿಲು ಮುಚ್ಚುತ್ತಾರೆ. ಹಾಗಾಗಿ ಕೋಟೆಯೊಳಗೆ ಹಗಲಿನ ಕೆಲಸ ಮಾತ್ರ ಯೋಚಿಸಿ. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪತ್ರ ಬರೆದು, ಯಾವ ದಿನ, ಎಷ್ಟು ಜನ, ಏನು ಮಾಡುತ್ತೀರಿ ಎಂದು ಸ್ಪಷ್ಟವಾಗಿ ತಿಳಿಸಿ. ಉತ್ತರ ಬರಲು ಸಮಯ ಹಿಡಿಯುತ್ತದೆ, ಅದಕ್ಕೇ ಮೊದಲ ವಾರದಲ್ಲೇ ಪತ್ರ ಕೊಟ್ಟುಬಿಡಿ.

ದುರ್ಗದ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಅವು ಹೊರಡುವ ಹೊತ್ತೂ ಬಾವಲಿ ಹೊರಡುವ ಹೊತ್ತೂ ಒಂದೇ. ಗುಡ್ಡದ ಜಾಗ ಆರಿಸಿಕೊಂಡರೆ ಸಂಜೆಯ ಕೆಲಸ ಬೇಡ. ಯಾವ ಜಾಗಕ್ಕೂ ಒಬ್ಬರೇ ಹೋಗಬೇಡಿ.

ಆರೋಗ್ಯದ ಮಾತು ಇನ್ನೂ ಮುಖ್ಯ. ಬಿದ್ದ ಬಾವಲಿಯನ್ನು, ಸತ್ತ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ವಿಚಾರಿಸಿ. ಗಾಳಿಯಾಡದ ಗುಹೆಯಲ್ಲಿ ಒಣಗಿದ ಹಿಕ್ಕೆಯ ಪುಡಿ ಎದ್ದರೆ ಶ್ವಾಸಕೋಶಕ್ಕೆ ಶಿಲೀಂಧ್ರದ ಸೋಂಕು ತಗಲಬಹುದು. ಅಂಥ ಕಡೆ ಒಳಗೆ ಹೋಗದಿರುವುದೇ ಒಳ್ಳೆಯದು, ಬಾಗಿಲಲ್ಲಿ ನಿಂತರೂ ಎನ್ 95 ಮಾಸ್ಕ್ ಇರಲಿ. ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ. ದೊಡ್ಡ ಹಣ್ಣು ಬಾವಲಿ ನಿಪಾ ವೈರಸ್ಸಿನ ಸಹಜ ಆಶ್ರಯ. 2018ರಲ್ಲಿ ಕೇರಳದ ಕೋಯಿಕ್ಕೋಡ್, ಮಲಪ್ಪುರಂ ಕಡೆ ಆ ರೋಗ ಬಂದಿತ್ತು. ಈ ಮಾತನ್ನು ಊರಿನಲ್ಲಿ ಹೇಳುವಾಗ ಎಚ್ಚರ. ಹೆದರಿದ ಜನ ಮರ ಕಡಿಯುತ್ತಾರೆ, ಪಟಾಕಿ ಹೊಡೆಯುತ್ತಾರೆ. ಮುಟ್ಟದೆ ದೂರ ಇದ್ದರೆ ಸಾಕು ಎಂದು ಹೇಳಿ.

ಪ್ರಶ್ನೆಯನ್ನು ಕಡಿಮೆ ಮಾಡಿ

ಜಾಗ ಸಿಕ್ಕಿದ ಮೇಲೆ ಮೂರು ದಿನ ಸುಮ್ನೆ ಕೂತು ನೋಡಿ. ಏನೂ ಅಳೆಯಬೇಡಿ. ಮನಸ್ಸಿಗೆ ಬಂದ ಪ್ರಶ್ನೆಗಳನ್ನೆಲ್ಲ ಬರೆಯಿರಿ. ಆಮೇಲೆ ಒಂದೊಂದನ್ನೂ ಹೀಗೆ ಪರೀಕ್ಷಿಸಿ: ಇದಕ್ಕೆ ಉತ್ತರವಾಗಿ ನಾನು ಪುಸ್ತಕದಲ್ಲಿ ಯಾವ ಅಂಕಿ ಬರೆಯುತ್ತೇನೆ? ಅಂಕಿ ಯಾವುದೆಂದು ಹೇಳಲು ಆಗದಿದ್ದರೆ ಪ್ರಶ್ನೆ ಇನ್ನೂ ದೊಡ್ಡದಿದೆ.

'ಬಾವಲಿಗಳ ವರ್ತನೆ' ಎಂದರೆ ಪ್ರಶ್ನೆ ಆಗುವುದಿಲ್ಲ. 'ಬಿಸಿಲು ಏರಿದಂತೆ ರೆಕ್ಕೆ ಬೀಸಿಕೊಳ್ಳುವ ಬಾವಲಿಗಳು ಎಷ್ಟು ಹೆಚ್ಚುತ್ತವೆ?' ಎಂದರೆ ಆಗುತ್ತದೆ. 'ಸೂರ್ಯ ಮುಳುಗಿ ಎಷ್ಟು ನಿಮಿಷಕ್ಕೆ ಮೊದಲ ಬಾವಲಿ ಹೊರಬೀಳುತ್ತದೆ, ಬೆಳದಿಂಗಳಿದ್ದರೆ ಇದು ಬದಲಾಗುತ್ತದೆಯೇ?' ಇದೂ ಆಗುತ್ತದೆ. 'ಕ್ಯಾಂಪಸ್ಸಿನ ಎಷ್ಟು ಅಶೋಕ ಮರಗಳಲ್ಲಿ ಬಾವಲಿ ಗೂಡಾರ (ಎಲೆ ಕಡಿದು ಮಾಡಿಕೊಂಡ ಪೊಳ್ಳು ಜಾಗ) ಇದೆ, ಅವು ಯಾವ ಎತ್ತರದಲ್ಲಿವೆ?' ಇದಂತೂ ಹಗಲಲ್ಲೇ ಮುಗಿಯುವ ಕೆಲಸ.

ಸಣ್ಣ ಪ್ರಶ್ನೆ ಎಂದರೆ ಕೀಳು ಎಂದುಕೊಳ್ಳಬೇಡಿ. ಮದುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಎಂ.ಕೆ. ಚಂದ್ರಶೇಖರನ್ ಮತ್ತು ಅವರ ವಿದ್ಯಾರ್ಥಿಗಳು ಕೇಳಿದ್ದು ಇಂಥದ್ದೇ ಪ್ರಶ್ನೆ: ಬೆಳಕೇ ಬಾರದ ಗುಹೆಯೊಳಗಿನ ಬಾವಲಿಗೆ ಸಂಜೆ ಆಯಿತೆಂದು ಹೇಗೆ ಗೊತ್ತಾಗುತ್ತದೆ? ಗುಹೆಯ ಕತ್ತಲಲ್ಲಿ ಪಂಜರದಲ್ಲಿಟ್ಟ ಎಲೆಮೂಗಿನ ಬಾವಲಿ, ಸುತ್ತ ಬಳಗದವರು ಹಾರಾಡಿಕೊಂಡು ಹೋಗಿ ಬಂದು ಮಾಡುತ್ತಿದ್ದರೆ, ಅವರ ಹೊತ್ತಿಗೇ ತಾನೂ ಎಚ್ಚರಾಗುತ್ತಿತ್ತು. ಒಂಟಿಯಾಗಿ ಇಟ್ಟಾಗ ಅದರ ಒಳಗಿನ ಗಡಿಯಾರ ದಿನದಿಂದ ದಿನಕ್ಕೆ ಜಾರಿತು. 1981ರಲ್ಲಿ ಪ್ರಕಟವಾದ ಆ ಕೆಲಸವನ್ನು ಜಗತ್ತಿನ ಜೀವಗಡಿಯಾರದ ವಿಜ್ಞಾನಿಗಳೆಲ್ಲ ಓದಿದರು. ಹುಟ್ಟಿದ್ದು ನಮ್ಮ ಪಕ್ಕದ ರಾಜ್ಯದ ಒಂದು ಗುಹೆಯಲ್ಲಿ.

ನೋಟ್‌ಬುಕ್ಕಿನ ಶಿಸ್ತು

ನನ್ನ ಮೊದಲ ವರ್ಷದ ಲೆಕ್ಕವೆಲ್ಲ ಒಂದು ತಪ್ಪಿನಿಂದ ಹಾಳಾಗುವುದರಲ್ಲಿತ್ತು. ಬಾವಲಿ ಹೊರಟ ಹೊತ್ತನ್ನು ಗಡಿಯಾರ ನೋಡಿ 6.20, 6.31 ಎಂದು ಬರೆಯುತ್ತಾ ಹೋದೆ. ಡಿಸೆಂಬರಿನಿಂದ ಮಾರ್ಚ್ ಬರುವ ಹೊತ್ತಿಗೆ ಅವು ತಡ ತಡವಾಗಿ ಹೊರಡುತ್ತಿವೆ ಎಂದು ಗ್ರಾಫ್ ಹೇಳಿತು. ನಾನು ಅದಕ್ಕೆ ಕಾರಣಗಳನ್ನೂ ಹುಡುಕಿದೆ. ನಿಜವಾಗಿ ತಡವಾಗುತ್ತಿದ್ದದ್ದು ಸೂರ್ಯಾಸ್ತ. ನಮ್ಮ ಕಡೆ ನವೆಂಬರ್ ಕೊನೆಯಲ್ಲಿ ಆರು ಗಂಟೆಗೂ ಮೊದಲೇ ಹೊತ್ತು ಮುಳುಗುತ್ತದೆ, ಜುಲೈ ಮೊದಲ ವಾರದಲ್ಲಿ ಏಳರ ಹತ್ತಿರ. ಒಂದು ಗಂಟೆಯ ವ್ಯತ್ಯಾಸ! ಅದಕ್ಕೇ ಪ್ರತಿ ಸಲವೂ ಎರಡು ಅಂಕಿ ಬರೆಯಿರಿ: ಗಡಿಯಾರದ ಹೊತ್ತು, ಮತ್ತು ಆ ದಿನದ ಸೂರ್ಯಾಸ್ತದಿಂದ ಎಷ್ಟನೇ ನಿಮಿಷ. ಲೆಕ್ಕ ಮಾಡುವುದು ಎರಡನೆಯದರ ಮೇಲೆ.

ಪ್ರತಿ ಪುಟದ ಮೇಲೆ ತಾರೀಖು, ಜಾಗ, ನಿಂತ ಸ್ಥಳ, ಯಾರ್ಯಾರು ಇದ್ದರು, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ಮೋಡ, ಗಾಳಿ, ಮಳೆ, ಚಂದ್ರ ಎಷ್ಟು ತುಂಬಿದೆ, ಉಷ್ಣತೆ ಇಷ್ಟನ್ನು ತಪ್ಪದೆ ತುಂಬಿ. ಪೆನ್ಸಿಲ್ ಬಳಸಿ, ಮಳೆಗೆ ಶಾಯಿ ಹರಡುತ್ತದೆ. ಮನೆಗೆ ಬಂದ ಮೇಲೆ ಅದೇ ರಾತ್ರಿ ಪುಟದ ಫೋಟೋ ತೆಗೆದಿಡಿ.

ಏನೂ ಕಾಣದ ದಿನವನ್ನೂ ಬರೆಯಿರಿ. ಒಂದೂ ಬಾವಲಿ ಬರಲಿಲ್ಲ ಎಂದರೆ ಸೊನ್ನೆ ಹಾಕಿ. ನೀವೇ ಹೋಗದಿದ್ದರೆ ಖಾಲಿ ಬಿಡಿ. ಸೊನ್ನೆಗೂ ಖಾಲಿಗೂ ಇರುವ ವ್ಯತ್ಯಾಸ ಮಾರ್ಚ್ ತಿಂಗಳಲ್ಲಿ ಕೂತು ಲೆಕ್ಕ ಹಾಕುವಾಗ ನಿಮಗೆ ನೆನಪಿರುವುದಿಲ್ಲ.

ಸಂಜೆಯ ಎಣಿಕೆ

ಒಂದೇ ಬಾಗಿಲಿನಿಂದ ಹೊರಬೀಳುವ ಗುಹೆ, ಮಂಟಪ, ಹಳೇ ಮನೆಯ ಬಾವಲಿಗೆ ಇದು ಸರಿಯಾದ ವಿಧಾನ. ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲೇ ಹೋಗಿ ಕೂತುಬಿಡಿ. ಪಡುವಣದ ಬೆಳಕಿನ ಆಕಾಶ ನಿಮ್ಮ ಎದುರಿಗಿರಲಿ, ಆಗ ಹಾರುವ ಬಾವಲಿ ಕಪ್ಪಗೆ ಎದ್ದು ಕಾಣುತ್ತದೆ. ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಪಕ್ಕಕ್ಕೆ ಹತ್ತು ಹದಿನೈದು ಮೀಟರ್ ದೂರ ಇರಿ. ಬಿಳಿ ಟಾರ್ಚ್, ಕ್ಯಾಮೆರಾ ಫ್ಲ್ಯಾಶ್ ಎರಡೂ ಬೇಡ. ಬರೆಯಲು ಬೆಳಕು ಬೇಕಾದರೆ ಟಾರ್ಚಿಗೆ ಬೆಳಕು ತೂರುವ ಕೆಂಪು ಗಾಜುಕಾಗದ (ಸೆಲೋಫೇನ್) ಎರಡು ಸುತ್ತು ಕಟ್ಟಿಕೊಳ್ಳಿ.

ನಿಮಿಷಕ್ಕೊಂದು ಸಾಲು. ಆ ನಿಮಿಷದಲ್ಲಿ ಹೊರಬಂದವು ಎಷ್ಟು, ವಾಪಸ್ ಒಳಹೋದವು ಎಷ್ಟು. ಒಳಹೋದವನ್ನು ಕೊನೆಗೆ ಕಳೆಯಬೇಕು. ಒಬ್ಬರು ಕಣ್ಣು ತೆಗೆಯದೆ ಎಣಿಸಲಿ, ಇನ್ನೊಬ್ಬರು ಹೊತ್ತು ನೋಡಿ ಬರೆಯಲಿ. ಮೊದಲ ಎರಡು ಸಂಜೆ ಮಾತ್ರ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಎಣಿಸಿ, ಆಮೇಲೆ ಹೋಲಿಸಿ. ನಿಮ್ಮ ಎಣಿಕೆಯ ತಪ್ಪು ಎಷ್ಟು ದೊಡ್ಡದು ಎಂಬುದು ಆಗ ಗೊತ್ತಾಗುತ್ತದೆ. ಆ ಅಂಕಿಯನ್ನು ವರದಿಯಲ್ಲಿ ಮುಚ್ಚಿಡಬೇಡಿ, ಬರೆಯಿರಿ.

ಹಿಂಡು ಹಿಂಡಾಗಿ ಬಂದಾಗ ಒಂದೊಂದೇ ಎಣಿಸಲು ಆಗುವುದಿಲ್ಲ. ಹತ್ತರ ಗುಂಪನ್ನು ಕಣ್ಣಿನಿಂದಲೇ ಅಂದಾಜು ಮಾಡುವ ಅಭ್ಯಾಸ ಬೇಕು. ದಾವಣಗೆರೆಯಲ್ಲಿ ಇದಕ್ಕೊಂದು ಸುಲಭದ ದಾರಿ ಇದೆ. ಒಂದು ಹಿಡಿ ಮೆಕ್ಕೆಜೋಳವನ್ನು ತಟ್ಟೆಗೆ ಎರಚಿ. ಮೂರು ಸೆಕೆಂಡ್ ನೋಡಿ ಎಷ್ಟು ಕಾಳು ಎಂದು ಹೇಳಿ. ಆಮೇಲೆ ಎಣಿಸಿ. ವಾರ ಪೂರ್ತಿ ದಿನಕ್ಕೆ 20 ಸಲ ಮಾಡಿ. ಶುರುವಿನಲ್ಲಿ ಎಲ್ಲರೂ ಕಡಿಮೆಯೇ ಹೇಳುತ್ತಾರೆ, ಬರಬರುತ್ತಾ ಕಣ್ಣು ಪಳಗುತ್ತದೆ.

ಮರದ ಮೇಲಿನ ದೊಡ್ಡ ಹಣ್ಣು ಬಾವಲಿ ನಾಲ್ಕೂ ದಿಕ್ಕಿಗೆ ಹಾರುತ್ತದೆ. ಅವನ್ನು ಹಗಲಲ್ಲೇ ಎಣಿಸಿ. ಮರದ ಚಿತ್ರ ಬರೆದು ಕೊಂಬೆಗೊಂದು ನಂಬರ್ ಕೊಡಿ. ಕೊಂಬೆ ಕೊಂಬೆಯಾಗಿ ಎಣಿಸಿ ಕೂಡಿಸಿ. ಎಲೆ ಉದುರುವ ಕಾಲದಲ್ಲಿ ಜಾಸ್ತಿ ಕಾಣುತ್ತವೆ, ಎಲೆ ತುಂಬಿದಾಗ ಕಡಿಮೆ. ಅದು ಬಾವಲಿಯ ಏರಿಳಿತವೋ ಎಲೆಯ ಏರಿಳಿತವೋ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಬಿಸಿಲು ಮತ್ತು ರೆಕ್ಕೆ: ಒಂದು ಪೂರ್ತಿ ಉದಾಹರಣೆ

ನನಗೆ ತುಂಬಾ ಇಷ್ಟವಾದ ಪ್ರಾಜೆಕ್ಟ್ ಇದು. ಖರ್ಚು ಒಂದು ಥರ್ಮಾಮೀಟರ್, ಒಂದು ವಾಚ್, ಸಾಧ್ಯವಾದರೆ ಒಂದು ಬೈನಾಕ್ಯುಲರ್. ದೊಡ್ಡ ಹಣ್ಣು ಬಾವಲಿ ಬಯಲಲ್ಲೇ ಹಗಲು ಕಳೆಯುತ್ತದೆ. ನಮ್ಮ ಏಪ್ರಿಲ್ ಬಿಸಿಲು ಅದರ ಕರಿ ಮೈಮೇಲೆ ನೇರವಾಗಿ ಬೀಳುತ್ತದೆ. ಆಗ ಅದು ಒಂದು ರೆಕ್ಕೆಯನ್ನು ಬೀಸಣಿಗೆಯಂತೆ ಆಡಿಸುತ್ತದೆ, ಮೈಯನ್ನು ನೆಕ್ಕಿ ಒದ್ದೆ ಮಾಡಿಕೊಳ್ಳುತ್ತದೆ, ನೆರಳಿನ ಕೊಂಬೆಗೆ ಸರಿಯುತ್ತದೆ. ನೀರು ಹತ್ತಿರವಿದ್ದರೆ ಹಾರುತ್ತಲೇ ಎದೆ ಅದ್ದಿ ಬಂದು, ಕೂತು ಆ ನೀರನ್ನು ನೆಕ್ಕುತ್ತದೆ.

ಮೊದಲು ವರ್ತನೆಗಳ ಪಟ್ಟಿ ಮಾಡಿ: ಮಲಗಿದೆ, ರೆಕ್ಕೆ ಬೀಸುತ್ತಿದೆ, ಮೈ ನೆಕ್ಕುತ್ತಿದೆ, ಜಗಳ, ಜಾಗ ಬದಲಿಸುತ್ತಿದೆ, ಮರಿ ನೋಡಿಕೊಳ್ಳುತ್ತಿದೆ. ಆರೇಳಕ್ಕಿಂತ ಹೆಚ್ಚು ಬೇಡ. ಪ್ರತಿಯೊಂದಕ್ಕೂ ಒಂದು ಸಾಲಿನ ವಿವರಣೆ ಬರೆಯಿರಿ. ರೆಕ್ಕೆ ಬೀಸುವುದು ಎಂದರೆ ಎಷ್ಟು ಸಲ? ಮೂರು ಸಲ ಸತತವಾಗಿ ಆಡಿಸಿದರೆ ಮಾತ್ರ ಎಂದು ನಿರ್ಧರಿಸಿದಿರೋ, ಕೊನೆವರೆಗೂ ಅದೇ ಇರಲಿ.

ಮರದಿಂದ 40, 50 ಮೀಟರ್ ದೂರದ ನೆರಳಿನಲ್ಲಿ ಕೂರಿ. ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಪ್ರತಿ 15 ನಿಮಿಷಕ್ಕೊಮ್ಮೆ, ಗೊತ್ತುಮಾಡಿದ ಎರಡು ಕೊಂಬೆಗಳ 30 ಬಾವಲಿಗಳನ್ನು ಎಡದಿಂದ ಬಲಕ್ಕೆ ನೋಡುತ್ತಾ ಹೋಗಿ. ಒಂದೊಂದೂ ಕಣ್ಣಿಗೆ ಬಿದ್ದ ಕ್ಷಣದಲ್ಲಿ ಏನು ಮಾಡುತ್ತಿತ್ತೋ ಅಷ್ಟನ್ನೇ ಗುರುತು ಹಾಕಿ. ಮಜವಾಗಿ ಕಂಡ ಬಾವಲಿಯ ಮೇಲೆ ಕಣ್ಣು ನಿಲ್ಲುತ್ತದೆ, ನಿಲ್ಲಿಸಬೇಡಿ. ಪ್ರತಿ ಸುತ್ತಿಗೂ ಉಷ್ಣತೆ ಬರೆಯಿರಿ. ಥರ್ಮಾಮೀಟರ್ ನೆರಳಲ್ಲಿ, ಎದೆಯೆತ್ತರದಲ್ಲಿ, ಗಾಳಿ ಆಡುವಲ್ಲಿ ಇರಲಿ. ತಿಂಗಳಿಗೆ ನಾಲ್ಕು ದಿನದಂತೆ ಜನವರಿಯಿಂದ ಏಪ್ರಿಲ್‌ವರೆಗೆ ಮಾಡಿದರೆ 16 ದಿನ ಆಗುತ್ತದೆ. ಚಳಿಯ ದಿನಗಳೂ ಬಿಸಿಲ ದಿನಗಳೂ ಸಿಗುತ್ತವೆ.

ಇಲ್ಲೊಂದು ಹಳ್ಳ ಇದೆ, ತುಂಬಾ ಜನ ಬೀಳುತ್ತಾರೆ. ಒಂದು ದಿನಕ್ಕೆ 37 ಸುತ್ತು, ಸುತ್ತಿಗೆ 30 ಬಾವಲಿ. ಸಾವಿರಕ್ಕಿಂತ ಹೆಚ್ಚು ಗುರುತುಗಳು! ಆದರೆ ಅವು ಸಾವಿರ ಬಾವಲಿಗಳಲ್ಲ. ಅದೇ 30 ಬಾವಲಿಗಳನ್ನು ಅದೇ ಬಿಸಿಲಲ್ಲಿ ಮತ್ತೆ ಮತ್ತೆ ನೋಡಿದ್ದೀರಿ. ಆದ್ದರಿಂದ ದಿನವನ್ನೇ ಒಂದು ಮಾದರಿ ಎಂದು ಹಿಡಿಯಿರಿ. ಮಧ್ಯಾಹ್ನ 1ರಿಂದ 3ರವರೆಗೆ ಶೇಕಡಾ ಎಷ್ಟು ಬಾವಲಿ ರೆಕ್ಕೆ ಬೀಸುತ್ತಿದ್ದವು, ಆ ಹೊತ್ತಿನ ಸರಾಸರಿ ಉಷ್ಣತೆ ಎಷ್ಟು? ದಿನಕ್ಕೊಂದು ಚುಕ್ಕೆ. 16 ದಿನಕ್ಕೆ 16 ಚುಕ್ಕೆಗಳ ಗ್ರಾಫ್. ಅದು ಸಾವಿರ ಚುಕ್ಕೆಗಳ ಗ್ರಾಫಿಗಿಂತ ಪ್ರಾಮಾಣಿಕ.

ಫೆಬ್ರುವರಿಯ ನಂತರ ತಾಯಂದಿರ ಎದೆಗೆ ಮರಿ ಅಂಟಿಕೊಂಡಿರುತ್ತದೆ. ಒಂದು ತಾಯಿಗೆ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ. ಗಾಬರಿಯಿಂದ ಹಾರಿದರೆ ಮರಿ ಕೆಳಗೆ ಬೀಳಬಹುದು. ನಿಮ್ಮಿಂದಾಗಿ ಬಾವಲಿಗಳು ಎದ್ದು ಹಾರಿದವು ಎಂದಾದರೆ ಅಂದಿನ ಕೆಲಸ ಅಲ್ಲಿಗೇ ನಿಲ್ಲಿಸಿ, ಮುಂದಿನ ಸಲ ಇನ್ನಷ್ಟು ದೂರ ಕೂರಿ.

ಅಶೋಕ ಮರ, ಗಸಗಸೆ ಮರ, ಉಳಿದ ತುಣುಕುಗಳು

ಗಿಡ್ಡ ಮೂತಿಯ ಹಣ್ಣು ಬಾವಲಿಯ ಗಂಡು ತನ್ನ ಹಲ್ಲಿನಿಂದ ಎಲೆ, ಕಡ್ಡಿಗಳನ್ನು ಕಡಿದು ಒಳಗೊಂದು ಪೊಳ್ಳು ಜಾಗ ಮಾಡುತ್ತದೆ. ಅಶೋಕ, ತಾಳೆ, ಬೈನೆ ಮರಗಳಲ್ಲಿ ಇಂಥ ಗೂಡಾರ ಸಿಗುತ್ತವೆ. ಅದರಲ್ಲಿ ಒಂದು ಗಂಡು, ಕೆಲವು ಹೆಣ್ಣುಗಳು. ಹಗಲು ಕಾಂಡಕ್ಕೆ ಒರಗಿ ಮೇಲಕ್ಕೆ ನೋಡಿ. ಕಾಲೇಜಿನ ಎಲ್ಲಾ ಅಶೋಕ ಮರಗಳಿಗೂ ನಂಬರ್ ಕೊಟ್ಟು, ಗೂಡಾರ ಇರುವವು, ಇಲ್ಲದವು ಎರಡರ ಎತ್ತರ, ಸುತ್ತಳತೆ, ಹತ್ತಿರದ ಬೀದಿದೀಪದ ದೂರ ಅಳೆಯಿರಿ. ಇಲ್ಲದ ಮರಗಳನ್ನು ಅಳೆಯದಿದ್ದರೆ ಹೋಲಿಸಲು ಏನೂ ಉಳಿಯುವುದಿಲ್ಲ. ಮಾಲಿಯವರನ್ನು ಪರಿಚಯ ಮಾಡಿಕೊಳ್ಳಿ. ಅವರು ಕೊಂಬೆ ಸವರುವ ದಿನ ನಿಮಗೆ ಮೊದಲೇ ಗೊತ್ತಿರಬೇಕು.

ಗಸಗಸೆ ಮರದ ಕೆಲಸ ಇನ್ನೂ ಸುಲಭ. ಸೂರ್ಯಾಸ್ತದಿಂದ ಎರಡು ಗಂಟೆ ಕೂತು ನಿಮಿಷಕ್ಕೆಷ್ಟು ಬಾವಲಿ ಬಂದವು ಎಂದು ಎಣಿಸಿ. ಒಂದು ಕೊಂಬೆಯ ಕೆಂಪು ಹಣ್ಣುಗಳನ್ನು ಸಂಜೆ ಎಣಿಸಿ, ಬೆಳಕು ಹರಿಯುವ ಮೊದಲು, ಅಂದರೆ ಹಕ್ಕಿಗಳು ಬರುವ ಮೊದಲು, ಮತ್ತೆ ಎಣಿಸಿ.

ಬಾವಲಿ ಹಣ್ಣನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಮರಕ್ಕೆ ಹೋಗಿ ತಿನ್ನುವುದು ಹೆಚ್ಚು. ಆ ಮರದ ಕೆಳಗೆ ಸಂಜೆ ಹಳೇ ಸೀರೆ ಹಾಸಿ. ಬೆಳಿಗ್ಗೆ ಕೈಗವಸು ಹಾಕಿ ಬಿದ್ದದ್ದನ್ನು ಚಿಮಟದಿಂದ ಎತ್ತಿ, ಕಾಗದದ ಕವರಿಗೆ ಹಾಕಿ ತಾರೀಖು ಬರೆಯಿರಿ. ಬೀಜಗಳನ್ನು ತೊಳೆದು ಕುಂಡದಲ್ಲಿ ಹಾಕಿ ಮೊಳಕೆ ನೋಡಬಹುದು, ಜೊತೆಗೆ ಹಣ್ಣಿನಿಂದ ನೇರ ತೆಗೆದ ಬೀಜದ ಕುಂಡವೂ ಇರಲಿ. ಲೈರೋಡರ್ಮ ಕೂತು ತಿನ್ನುವ ಕಂಬದ ಕೆಳಗಿನ ರೆಕ್ಕೆ, ಕಾಲು, ಗರಿಗಳ ಪಟ್ಟಿಯೂ ಇದೇ ರೀತಿ. ಮಳೆಗಾಲಕ್ಕೂ ಬೇಸಿಗೆಗೂ ಊಟ ಹೇಗೆ ಬದಲಾಯಿತು ಎಂದು ಅದೇ ತೋರಿಸುತ್ತದೆ. ಕೋಟೆಯೊಳಗಿಂದ ಮಾತ್ರ ಅನುಮತಿ ಇಲ್ಲದೆ ಏನನ್ನೂ ಎತ್ತಿಕೊಂಡು ಬರಬೇಡಿ.

ಶಬ್ದ ಹಿಡಿಯುವುದಿದ್ದರೆ

ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ. ಹುಳ ತಿನ್ನುವ ಬಾವಲಿಗಳ ಕೂಗು ಬಹುಪಾಲು ಅದಕ್ಕಿಂತ ಮೇಲೆ. ಮೊಬೈಲ್ ಮೈಕಿನಿಂದ ಆಗುವುದಿಲ್ಲ, ಪ್ರಯತ್ನವೂ ಬೇಡ. ವಿಭಾಗದಲ್ಲಿ ಕಿವಿಗೆ ಕೇಳದ ಶಬ್ದವನ್ನೂ ಹಿಡಿಯುವ ಆಡಿಯೋಮಾತ್‌ನಂಥ ರೆಕಾರ್ಡರ್ ಇದ್ದರೆ ಮಾತ್ರ ಇತ್ತ ಬನ್ನಿ.

ಒಂದು ಲೆಕ್ಕ ನೆನಪಿಡಿ. ಸೆಕೆಂಡಿಗೆ ಎಷ್ಟು ಸಲ ಶಬ್ದದ ಮಾದರಿ ತೆಗೆಯುತ್ತೀರೋ ಅದರ ಅರ್ಧದಷ್ಟು ಎತ್ತರದ ಶಬ್ದ ಮಾತ್ರ ಸಿಗುತ್ತದೆ. 250 ಕಿಲೋಹರ್ಟ್ಸ್‌ಗೆ ಇಟ್ಟರೆ 125ರವರೆಗೆ. ಗೋರಿ ಬಾವಲಿ 25, 30ರ ಸುತ್ತ, ಪಿಪಿಸ್ಟ್ರೆಲ್ ಎಂಬ ಹೆಬ್ಬೆರಳಿನಷ್ಟು ಬಾವಲಿಗಳು 40, 50ರ ಸುತ್ತ ಕೂಗುತ್ತವೆ, ಅವು ಸಿಗುತ್ತವೆ. ಆದರೆ ಹಿಪ್ಪೊಸಿಡೆರಸ್ ಸ್ಪಿಯೋರಿಸ್ 130ರ ಆಸುಪಾಸು. ಅದು ನಿಮ್ಮ ಮೂಗಿನ ಮುಂದೆಯೇ ಹಾರಿದರೂ ದಾಖಲಾಗದು. 384ಕ್ಕೆ ಇಡಿ, ಆಗ 192ರವರೆಗೆ ಸಿಗುತ್ತದೆ. ದುರ್ಗದ ಬಂಡೆಗಳು ಪ್ರತಿಧ್ವನಿ ಕೊಡುತ್ತವೆ, ದಾಖಲೆ ಕಲಸಿಹೋಗುತ್ತದೆ. ಗೋಡೆ, ಬಂಡೆಯಿಂದ ಕೆಲವು ಮೀಟರ್ ಆಚೆ ಕೋಲಿನ ಮೇಲೆ ಇಡಿ. ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಸ್ಪೆಕ್ಟ್ರೋಗ್ರಾಂ, ಅಂದರೆ ಶಬ್ದದ ಏರಿಳಿತ ತೋರಿಸುವ ಚಿತ್ರ, ತೆರೆದು ನೋಡಬಹುದು. ಕೂಗುಗಳು ಒತ್ತೊತ್ತಾಗಿ ಬಂದು ಸರ್ರೆಂದು ಮುಗಿದರೆ ಬಾವಲಿ ಹುಳದ ಮೇಲೆ ಎರಗಿದೆ ಎಂದರ್ಥ. ಅದನ್ನು ಎಣಿಸಿದರೆ ಬೇಟೆಯ ಲೆಕ್ಕ ಸಿಕ್ಕಿತು. ಎಷ್ಟು ಕೂಗು ದಾಖಲಾಯಿತು ಎಂಬುದು ಎಷ್ಟು ಬಾವಲಿ ಇವೆ ಎಂಬುದರ ಲೆಕ್ಕ ಅಲ್ಲ. ಒಂದೇ ಬಾವಲಿ ನೂರು ಸಲ ಸುತ್ತಿರಬಹುದು ಅಲ್ವಾ?

ಬರೆಯುವುದು, ವಾಪಸ್ ಕೊಡುವುದು

ವರದಿಯಲ್ಲಿ ವಿಧಾನದ ಭಾಗವನ್ನು ಎಲ್ಲಕ್ಕಿಂತ ಚೆನ್ನಾಗಿ ಬರೆಯಿರಿ. ಅದನ್ನು ಓದಿ ಇನ್ನೊಬ್ಬರು ಅದೇ ಜಾಗದಲ್ಲಿ ಅದೇ ಕೆಲಸ ಮಾಡುವಂತಿರಬೇಕು. ನಿಮ್ಮ ಊಹೆಗೆ ವಿರುದ್ಧವಾದ ಫಲಿತಾಂಶ ಬಂದರೆ ಹಾಗೆಯೇ ಬರೆಯಿರಿ.

ಜಾಗದ ನಿಖರ ಗುರುತನ್ನು ಮಾತ್ರ ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಕೋಲಾರದ ಎಲೆಮೂಗಿನ ಬಾವಲಿ ನೆನಪಿರಲಿ. 1994ರಲ್ಲಿ ಅದಕ್ಕೆ ವಿಜ್ಞಾನದ ಹೆಸರು ಸಿಕ್ಕಿತು. ಈಗ ಇಡೀ ಜಗತ್ತಿನಲ್ಲಿ ಅದು ಉಳಿದಿದೆ ಎಂದು ಗೊತ್ತಿರುವುದು ಹನುಮನಹಳ್ಳಿಯ ಒಂದೇ ಗುಹೆಯಲ್ಲಿ. ಸುತ್ತಲಿನ ಕಲ್ಲು ಗಣಿಗಾರಿಕೆ ಅದಕ್ಕೆ ದೊಡ್ಡ ಅಪಾಯವಾಗಿತ್ತು. ನಮ್ಮದೂ ಕಲ್ಲಿನ ಸೀಮೆ. ನಮ್ಮ ಬಂಡೆ ಸೀಳುಗಳಲ್ಲಿ ಯಾರಿದ್ದಾರೆ ಎಂದು ಪಟ್ಟಿ ಮಾಡಿದವರು ಕಡಿಮೆ. ಜೀವಿಗಳ ಫೋಟೋ ದಾಖಲಿಸುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಫೋಟೋ ಹಾಕುವಾಗ ಸ್ಥಳವನ್ನು ಮರೆಮಾಡುವ ಆಯ್ಕೆ ಇದೆ, ಅದನ್ನು ಬಳಸಿ.

ತೋಟದವರಿಗೆ, ಪೂಜಾರಿಗೆ, ವಾಚ್‌ಮನ್‌ಗೆ ಕನ್ನಡದಲ್ಲಿ ಒಂದು ಪುಟ ಬರೆದು ಕೊಟ್ಟು ಬನ್ನಿ. ನಿಮ್ಮ ಮರದಲ್ಲಿ ಇಷ್ಟು ಬಾವಲಿ ಇದ್ದವು, ಇಂಥ ತಿಂಗಳು ಮರಿ ಹಾಕಿದವು, ಇಂಥ ಹಣ್ಣಿನ ಬೀಜ ಉದುರಿಸಿದವು. ಹಿರಿಯೂರು ಕಡೆಯ ದಾಳಿಂಬೆ ಬೆಳೆಗಾರರು ಬಾವಲಿಯಿಂದ ನಷ್ಟ ಎಂದರೆ ವಾದಕ್ಕೆ ಇಳಿಯಬೇಡಿ. ಎಷ್ಟು ಹಣ್ಣು, ಯಾವ ತಿಂಗಳು ಎಂದು ಕೇಳಿ ಬರೆದುಕೊಳ್ಳಿ. ಅವರ ನಷ್ಟವೂ ನಿಮ್ಮ ದತ್ತಾಂಶವೇ.

ಕೊನೆಯ ದಿನ ನೋಟ್‌ಬುಕ್ಕಿನ ಪ್ರತಿಯನ್ನು ವಿಭಾಗದ ಕಪಾಟಿನಲ್ಲಿಡಿ. ಮುಂದಿನ ಬ್ಯಾಚಿನ ಇಬ್ಬರನ್ನು ಆ ಮರದ ಹತ್ತಿರ ಕರೆದುಕೊಂಡು ಹೋಗಿ. ನೀವು ಕೂತು ಎಣಿಸಿದ ಜಾಗದಲ್ಲಿ ಒಂದು ಕಲ್ಲು ನೆಟ್ಟು ತೋರಿಸಿ, ಅವರೂ ಅಲ್ಲೇ ಕೂರಲಿ.